ಮೇಣದ ಮನೋಹರ

ಕಾನಸೂರಿನ ಸುಬ್ಬಕ್ಕನ ಮನೆಗೆ ತೊಂಬತ್ತೆರಡರಲ್ಲಿ ತಾನೇ ಹಾಕಿದ್ದ ನಲ್ಲಿಯ ಜಾಯಿಂಟನ್ನು ಮನೋಹರ ಹನ್ನೆರಡು ವರ್ಷದ ಮೇಲೆ ಬಿಚ್ಚಿದ. ಹೊಸ ಅಡುಗೆಮನೆಗೆ ಪೈಪು ಎಳೆಯಬೇಕಿತ್ತು. ನೀರು ಸೋರದಂತೆ ಒಳಗೆ ಸುತ್ತಿದ್ದ ಸೆಣಬಿನ ಎಳೆ ಕೊಳೆಯದೆ ಹಾಗೇ ಇತ್ತು.

ಅಂದು ಅವನಿನ್ನೂ ಹೊಸಬ. ಎಳೆಗೆ ಬಳಿಯಲು ಸೀಸದ ಬಿಳಿ ಬಣ್ಣದ ಡಬ್ಬಿ ತೆರೆದಾಗ ಸುಬ್ಬಕ್ಕ ತಡೆದಿದ್ದಳು. "ಕುಡಿಯೋ ನೀರಿಗೆ ಅದು ಬ್ಯಾಡ ಮಾರಾಯ, ಇದನ್ನ ತಿಕ್ಕು" ಎಂದು ತನ್ನ ಜೇನುಪೆಟ್ಟಿಗೆಯ ಮೇಣದ ಉಂಡೆ ಕೊಟ್ಟಿದ್ದಳು. ಅವನು ಒಳಗೊಳಗೇ ನಕ್ಕಿದ್ದ. ಆದರೆ ಒಂದು ಹನಿಯೂ ಸೋರಲಿಲ್ಲ. ಆಮೇಲೆ ಹೋದಲ್ಲೆಲ್ಲ ಎಳೆಗೆ ಮೇಣವನ್ನೇ ತಿಕ್ಕಿ, ಶಿರಸಿ, ಸಿದ್ದಾಪುರದ ತುಂಬ ಅವನು ಮೇಣದ ಮನೋಹರನೆಂದೇ ಹೆಸರಾದ. ಎಲ್ಲಿ ಕಲಿತೆ ಎಂದು ಕೇಳಿದವರಿಗೆಲ್ಲ "ನಂದೇ ತಲೆ" ಎನ್ನುತ್ತಿದ್ದ.

ಈಗ ಆ ಎಳೆಯನ್ನು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ. "ನಿಮ್ಮ ಹೆಸರು ಎಲ್ಲೂ ಹೇಳ್ಲಿಲ್ಲ ಅಕ್ಕಾ. ನಂಗೆ ಅನ್ನ ಹಾಕಿದ್ದು ಮಾತ್ರ ನಿಮ್ಮ ಮೇಣವೇ."

ಸುಬ್ಬಕ್ಕ ನಕ್ಕುಬಿಟ್ಟಳು. "ಅದು ನಿಲ್ತದೋ ಇಲ್ವೋ ಅಂತ ಆವತ್ತು ನಂಗೂ ಗೊತ್ತಿರ್ಲಿಲ್ಲ ಮಾರಾಯ. ನೀನು ಬಿಗಿಯಾಗಿ ಸುತ್ತಿದ್ದಕ್ಕೆ ನಿಂತದ್ದು."

ಮನೋಹರ ಹೊಸ ಎಳೆ ತೆಗೆದ. ಚೀಲದಲ್ಲಿ ತನ್ನದೇ ಮೇಣವಿದ್ದರೂ ಅವಳ ಮುಂದೆ ಕೈಯೊಡ್ಡಿದ.