ಹೂ ಬಾಡಿಸದ ದೀಪ

ಹಿರೀಸಾವೆಯ ಗುರುಸಿದ್ದಮ್ಮ ಹೂ ಕಟ್ಟಲು ಕೂತರೆ ಬೆರಳು ಓಡುವುದು ಕಾಣುತ್ತಿರಲಿಲ್ಲ, ಮಾಲೆ ಬೆಳೆಯುವುದಷ್ಟೇ ಕಾಣುತ್ತಿತ್ತು. ಅಂಥವಳಿಗೂ ಕಷ್ಟ ಬಂತು ನೋಡಿ. ಸಂಜೆ ಕಟ್ಟಿದ ಮಲ್ಲಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಕಂದಿಹೋಗುತ್ತಿತ್ತು. ಅಲ್ಲಿನ ಹೂವಿನಂಗಡಿ ಪಂಚಾಕ್ಷರಯ್ಯ ಒಂದು ದಿನ ಬುಟ್ಟಿಯನ್ನು ಇಳಿಸಿಕೊಳ್ಳಲೇ ಇಲ್ಲ. "ನಾಳೆನೂ ಇಂಗೇ ಇದ್ರೆ ಇನ್ಮ್ಯಾಕೆ ನಿನ್ನ ಹೂ ಬ್ಯಾಡ ಕಣಮ್ಮ" ಎಂದುಬಿಟ್ಟ.

"ದೃಷ್ಟಿ ತಗುಲೈತೆ ಕಣೇ" ಎಂದು ಗಂಡ ಶಿವಯ್ಯ ಬುಟ್ಟಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಮನೆಯವರೆಲ್ಲ ಕೆಮ್ಮಿದ್ದೇ ಬಂತು.

ಅಂದು ಸಂಜೆ ಗುರುಸಿದ್ದಮ್ಮ ಎಂದಿನಂತೆ ತೊಲೆಗೆ ಸುತ್ತಿದ್ದ ವೈರು ಬಿಚ್ಚಿ, ಬಲ್ಬನ್ನು ಹೂವಿನ ಮೊರದ ಮೇಲೆ ಗೇಣು ದೂರಕ್ಕೆ ಇಳಿಸಿಕೊಂಡಳು. ನೂರು ಕ್ಯಾಂಡಲಿನ, ಅಂದರೆ ನೂರು ವ್ಯಾಟಿನ ಬಲ್ಬು. ಹತ್ತಿರವಿದ್ದರೆ ತೊಟ್ಟು ಚೆನ್ನಾಗಿ ಕಾಣುತ್ತದೆಂದು ಅವಳ ಕೇರಿಯಲ್ಲಿ ಹೂ ಕಟ್ಟುವವರೆಲ್ಲ ಮಾಡುವುದೇ ಹಾಗೆ. ಮೊಗ್ಗು ಸೊರಗಿದಂತೆ ಕಂಡು ಒಂದಿಷ್ಟು ನೀರು ಚಿಮುಕಿಸಿದಳು. ಹನಿ ಬಲ್ಬಿಗೆ ಸಿಡಿದದ್ದೇ ತಡ, ಫಟ್! ಗಾಜೆಲ್ಲ ಮಲ್ಲಿಗೆಯೊಳಗೆ.

ಮೊರದ ಹೂ ಪೂರಾ ಹಾಳಾಯಿತು. ಕಟ್ಟಬೇಕಾದ್ದು ಇನ್ನೂ ಒಂದು ಬುಟ್ಟಿ ಉಳಿದಿತ್ತು. ಗುರುಸಿದ್ದಮ್ಮನಿಗೆ ಅಳುವೇ ಬಂತು.

ಸದ್ದು ಕೇಳಿ ಪಕ್ಕದ ಮನೆಯ ನೇತ್ರಾವತಿ ಓಡಿಬಂದಳು. ಸ್ತ್ರೀಶಕ್ತಿ ಸಂಘದವಳು, ಹಾಸನದಲ್ಲಿ ಕರೆಂಟು ಉಳಿಸುವ ತರಬೇತಿ ಮುಗಿಸಿ ಬಂದು ವಾರವಾಗಿತ್ತು.

"ಅಕ್ಕ, ಒದ್ದೆ ಕೈಲಿ ಮುಟ್ಬ್ಯಾಡ! ಮೊದ್ಲು ಸ್ವಿಚ್ಚು ಆರ್ಸು" ಎಂದವಳೇ ತನ್ನ ಮನೆಗೆ ಹೋಗಿ ಒಂದು ಬಲ್ಬು ತಂದಳು.

"ಇದೇನವ್ವ, ಜಿಲೇಬಿ ಸುತ್ತಿದಂಗೆ ಸುತ್ತವ್ರೆ?" ಶಿವಯ್ಯ ಕೇಳಿದ.

"ಸಿ.ಎಫ್.ಎಲ್. ಕಣಣ್ಣ. ಇಪ್ಪತ್ತೇ ವ್ಯಾಟು. ಬೆಳಕು ನಿಮ್ಮ ನೂರು ಕ್ಯಾಂಡಲಿನಷ್ಟೇ."

"ಇದ್ರ ದುಡ್ಡಿಗೆ ನಮ್ಮ ಬಲ್ಬು ಹತ್ತು ಬತ್ತವೆ."

"ನಿಮ್ಮವು ಐದಾರು ಸುಟ್ಟೋಗೋ ತನ್ಕ ಇದೊಂದೇ ಉರೀತದೆ. ಬಿಲ್ಲಲ್ಲಿ ಮಿಗೋದು ಬ್ಯಾರೆ."

ಬಲ್ಬು ಹಾಕಿದರು. ಮೊದಲು ಮಂಕಾಗಿ ಹತ್ತಿತು. ಶಿವಯ್ಯ ಕಿಸಕ್ಕನೆ ನಕ್ಕ. ಅವನ ನಗು ಮುಗಿಯುವಷ್ಟರಲ್ಲಿ ಕೋಣೆಯ ಮೂಲೆಮೂಲೆಯೂ ಬೆಳಗಿತು. ಇಷ್ಟು ದಿನ ಹಳದಿಯಾಗಿ ಕಾಣುತ್ತಿದ್ದ ಮಲ್ಲಿಗೆ ಹಾಲಿನಷ್ಟು ಬೆಳ್ಳಗೆ ಕಂಡಿತು.

ಗುರುಸಿದ್ದಮ್ಮ ಮೆಲ್ಲಗೆ ಬಲ್ಬಿನ ಕೆಳಗೆ ಅಂಗೈ ಹಿಡಿದಳು. ಸುಡಲಿಲ್ಲ. ಮತ್ತೆ ಹಿಡಿದಳು. ಬುಡ್ಡಿ ದೀಪ, ಲಾಟೀನು, ಬಲ್ಬು, ಎಲ್ಲದರಿಂದಲೂ ಕೈ ಸುಟ್ಟುಕೊಂಡವಳು ಅವಳು. ಸುಡದ ದೀಪವನ್ನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಮೈ ಜುಮ್ಮೆಂದಿತು.

"ಬೆಂಕಿನೇ ಇಲ್ದೆ ಬೆಳಕು ಎಂಗೆ ಬತ್ತದೆ ನೇತ್ರ?"

"ಹಳೇ ಬಲ್ಬು ತಿನ್ನೋ ಕರೆಂಟಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿಸಿಗೇ ಓಯ್ತದೆ ಕಣಕ್ಕ. ಆ ಬಿಸಿ ಯಾವುದ್ರ ಮ್ಯಾಲೆ ಬೀಳ್ತಿತ್ತು, ನೀನೇ ಯೋಳು."

ಗುರುಸಿದ್ದಮ್ಮ ಮೊರ ನೋಡಿದಳು. "ಅಯ್ಯೋ ಶಿವನೇ, ನನ್ನ ಹೂವ ನಾನೇ ಬೇಯಿಸ್ದೆನಲ್ಲ!"

ಶಿವಯ್ಯ ಅಷ್ಟಕ್ಕೇ ಸೋಲುವವನಲ್ಲ. "ಕರೆಂಟು ಕಮ್ಮಿ ಅಂತ ಯಾರ್ ಕಂಡವ್ರೆ?"

"ಮೀಟ್ರು ಕಂಡದೆ ಬಾ ಅಣ್ಣ."

ಮನೆಯ ಬೇರೆ ದೀಪಗಳನ್ನೆಲ್ಲ ಆರಿಸಿದರು. ಹಜಾರದಲ್ಲಿದ್ದ ಇನ್ನೊಂದು ನೂರು ಕ್ಯಾಂಡಲಿನ ಬಲ್ಬನ್ನು ತಂದು ಹೊಸದರ ಜಾಗಕ್ಕೆ ಹಾಕಿ, ಈ ಸಲ ಎತ್ತರಕ್ಕೆ ಕಟ್ಟಿದರು. ಗುರುಸಿದ್ದಮ್ಮ ಒಂದು ಮೊಳ ಹೂ ಕಟ್ಟಿದಳು. ಅಷ್ಟರಲ್ಲಿ ಮೀಟರಿನ ಚಕ್ರದ ಕೆಂಪು ಗುರುತು ಐದು ಸುತ್ತು ಬಂದದ್ದನ್ನು ಶಿವಯ್ಯನೇ ಎಣಿಸಿದ. ಸ್ವಿಚ್ಚು ಆರಿಸಿ, ಬಲ್ಬು ತಣ್ಣಗಾದ ಮೇಲೆ ಹೊಸದನ್ನು ಹಾಕಿದರು. ಅವಳು ಮತ್ತೊಂದು ಮೊಳ ಕಟ್ಟಿದಳು. ಒಂದೇ ಸುತ್ತು!

"ಇನ್ನೊಂದು ಮೊಳ ಕಟ್ಟೇ" ಎಂದ ಶಿವಯ್ಯ, ಕಣ್ಣು ಮಿಟುಕಿಸದೆ. ಮತ್ತೂ ಒಂದೇ ಸುತ್ತು. "ಅಬ್ಬಬ್ಬಾ, ಚಕ್ರ ನಿದ್ದೆ ಮಾಡ್ತಾ ಐತಲ್ಲೇ!" ಮೀಟರಿಗೆ ಕೈಮುಗಿಯುವುದೊಂದು ಬಾಕಿ ಇತ್ತು. ಬುಟ್ಟಿ ಖಾಲಿಯಾಗುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

ಬೆಳಗ್ಗೆ ಚನ್ನರಾಯಪಟ್ಟಣದಲ್ಲಿ ಪಂಚಾಕ್ಷರಯ್ಯ ಮುಖ ಗಂಟಿಕ್ಕಿಕೊಂಡೇ ಬಾಳೆಎಲೆ ಸರಿಸಿದ. ಅರೆಬಿರಿದ ಮೊಗ್ಗುಗಳು, ಅಂಗಡಿ ತುಂಬ ಘಮ. ಅವನು ಬುಟ್ಟಿಯನ್ನೂ ಅವಳ ಮುಖವನ್ನೂ ನೋಡಿದ.

"ಇದ್ಯಾವ ತ್ವಾಟದ್ದಮ್ಮ?"

"ತ್ವಾಟ ಅದೇಯ ಸಾ. ದೀಪ ಬ್ಯಾರೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಹೂ ಕಟ್ಟದೇ ಇರಬಹುದು, ಬಲ್ಬು ಮಾತ್ರ ಇದ್ದೇ ಇರುತ್ತದೆ. ಸಿ.ಎಫ್.ಎಲ್. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಅದರಲ್ಲಿ ತುಸು ಪಾದರಸ ಇರುತ್ತದೆ. ಒಡೆದರೆ ಬಾಗಿಲು ಕಿಟಕಿ ತೆರೆದು, ಬರಿಗೈಲಿ ಮುಟ್ಟದೆ, ರಟ್ಟಿನಿಂದ ಬಳಿದು ಡಬ್ಬಿಗೆ ಹಾಕಿ ಮುಚ್ಚಿಡಿ. ಮಕ್ಕಳನ್ನು ದೂರವಿಡಿ. ಇವತ್ತು ಸಂಜೆ ದೀಪ ಹಾಕಿದಾಗ ಬಲ್ಬಿನ ಕೆಳಗೆ ಒಮ್ಮೆ ಅಂಗೈ ಹಿಡಿಯಿರಿ. ಸುಟ್ಟರೆ, ನೀವು ಬಿಲ್ಲು ಕಟ್ಟುತ್ತಿರುವುದು ಬೆಳಕಿಗಲ್ಲ, ಆ ಬಿಸಿಗೆ.