ನಾಲ್ಕನೆಯ ಸಾಲು

ವಸತಿ ಕಚೇರಿಯ ಆನ್‌ಲೈನ್ ಅರ್ಜಿಯಲ್ಲಿ ಮಕ್ಕಳಿಗೆಂದು ಮೂರೇ ಸಾಲುಗಳಿದ್ದವು. ಹೆಚ್ಚು ಮಕ್ಕಳಿದ್ದವರು ಏನು ಮಾಡಬೇಕೆಂದು ಮೇಲಿನವರು ಕೇಳಿದ್ದರಿಂದ, ಕೆಳಗೆ ‘ಇನ್ನೊಂದು ಸಾಲು’ ಎಂಬ ಬಟನ್ ಇಟ್ಟವನು ನಾನೇ. ಒತ್ತಿದೆ, ಪರದೆಯ ಮೇಲೆ ಹೊಸ ಸಾಲು ಮೂಡಿತು. ಅಲ್ಲಿಗೆ ಕೈ ತೊಳೆದುಕೊಂಡೆ.

ಎರಡು ತಿಂಗಳಾದ ಮೇಲೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಮಂಜೂರಾತಿ ಪತ್ರ ಹಿಡಿದು ಬಂದರು. ಅಳತೆ ಟೇಪು ಕೊರಳಲ್ಲೇ ಇತ್ತು. ಮನೆ ಸಿಕ್ಕಿತ್ತು, ಆದರೆ ಪತ್ರದಲ್ಲಿ ಅವರು ಹೆತ್ತ ಮೂವರ ಹೆಸರಷ್ಟೇ ಇತ್ತು. ನಾಲ್ಕನೆಯವಳು ತೀರಿಕೊಂಡ ತಂಗಿಯ ಮಗಳು. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಕೊನೆಗೆ ಬರೆದಿದ್ದರಂತೆ. ಕೌಂಟರಿನ ಗುಮಾಸ್ತರು ನೀವೇ ಬರೆದಿಲ್ಲ ಎಂದು ಎರಡು ಸಲ ಸಾಗಹಾಕಿದ್ದರು. ನಾನೂ ಅದೇ ರಾಗ ಎಳೆದೆ. ಕಂಪ್ಯೂಟರ್ ತಪ್ಪುವುದಿಲ್ಲ ಎನ್ನಲು ನಮ್ಮಂಥವರು ಸದಾ ತುದಿಗಾಲಲ್ಲಿ ನಿಂತಿರುತ್ತೇವೆ.

ಆಕೆ ಜಗಳಕ್ಕೆ ನಿಲ್ಲಲಿಲ್ಲ.

“ಪತ್ರ ಮೊದಲು ಓದಿದ್ದೇ ಅವಳು ಸರ್. ಬಟ್ಟೆನೆಲ್ಲ ಚೀಲಕ್ಕೆ ತುಂಬಿಟ್ಕೊಂಡಿದಾಳೆ. ನಾನು ಯಾರ ಮನೆಗೆ ಹೋಗ್ಬೇಕು ದೊಡ್ಡಮ್ಮ ಅಂತಾಳೆ. ನಿನ್ನ ಹೆಸರು ಬರ್ದಿದ್ದೆ ಕಣೇ ಅಂದ್ರೆ ನಂಬಲ್ಲ.”

ಅವರನ್ನು ಕೂರಿಸಿ, ನಾಲ್ಕು ಸುಳ್ಳು ಹೆಸರು ತುಂಬಿ ಅರ್ಜಿ ಕಳಿಸಿ ನೋಡಿದೆ. ನಾಲ್ಕನೆಯದು ಮಾಯ. ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ. ಬಟನ್ ಒತ್ತಿದಾಗ ಸಾಲು ಹುಟ್ಟುತ್ತಿದ್ದದ್ದು ಅರ್ಜಿದಾರರ ಪರದೆಯಲ್ಲಿ ಮಾತ್ರ. ನಮ್ಮ ಸರ್ವರ್‌ಗೆ ಅದರ ಸುಳಿವೇ ಇರಲಿಲ್ಲ. ಅದು ತನಗೆ ಗೊತ್ತಿದ್ದ ಮೂರು ಸಾಲುಗಳನ್ನು ಓದಿ, ಉಳಿದದ್ದನ್ನು ಕಣ್ಣೆತ್ತಿಯೂ ನೋಡದೆ ಬಿಡುತ್ತಿತ್ತು. ಸಾಲು ಮೂಡುವುದನ್ನು ನೋಡಿದ್ದ ನಾನು ಅದು ತಲುಪಿತೇ ಎಂದು ನೋಡಿರಲಿಲ್ಲ. ನಾಚಿಕೆಯಾಯಿತು.

ತಿದ್ದಲು ಒಂದು ಗಂಟೆ ಸಾಕಾಯಿತು. ಸಾಲುಗಳ ಎಣಿಕೆಯೂ ಅರ್ಜಿಯ ಜೊತೆಗೇ ಬರುವಂತೆ ಮಾಡಿದೆ. ಸರ್ವರ್ ಮೊದಲು ಅಷ್ಟು ಸಾಲು ಸಿದ್ಧಮಾಡಿಕೊಂಡು ಆಮೇಲೆ ಓದುತ್ತದೆ. ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಇನ್ನು ಇಪ್ಪತ್ತು ಹೆಸರು ಬರೆದರೂ ಒಂದೂ ಬಿದ್ದುಹೋಗುವುದಿಲ್ಲ ಎಂದು ಭರವಸೆ ಕೊಟ್ಟೆ. ನನ್ನ ಕುರ್ಚಿಯಲ್ಲೇ ಕೂತು ಹೊಸದಾಗಿ ತುಂಬಲು ಹೇಳಿದೆ.

ಆಕೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ, ಮೊದಲ ಸಾಲಿನಲ್ಲೇ ತಂಗಿಯ ಮಗಳ ಹೆಸರು ಬರೆದರು. ದೊಡ್ಡವರ ಹೆಸರು ಮೊದಲು ಬರಬೇಕಲ್ಲವೇ ಎಂದೆ.

“ಇರ್ಲಿ ಸರ್,” ಎಂದರು, ಪರದೆಯಿಂದ ಕಣ್ಣು ತೆಗೆಯದೆ. “ಈ ಸಲನೂ ಒಂದು ಬಿದ್ದುಹೋದ್ರೆ, ನಾನು ಹೆತ್ತಿದ್ದೇ ಬೀಳ್ಲಿ. ಅವಕ್ಕೆ ಅನುಮಾನ ಬರಲ್ಲ.”