ಬಿಟ್ಟುಹೋದ ‘ರು’

“ಏನೇ ಇದು? ಅಪ್ಪನ್ನ ‘ಅವನು’ ಅಂತ ಬರ್ದಿದ್ದೀಯಾ?”

ಕಥೆ ಬರೆದ ಮಗಳು ತಲೆಯೆತ್ತಿದಳು. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತೇ ಓದುತ್ತಿದ್ದಳು. ಕರಡಚ್ಚಿನ ಹಾಳೆಗಳು ಅರ್ಧ ಹೊಲಿದ ಅಂಗಿಯ ಮೇಲೆ ಹರಡಿದ್ದವು.

ಪುಸ್ತಕ ಸಂಜೆಗೆ ಅಚ್ಚಿಗೆ ಹೋಗಬೇಕಿತ್ತು. ಈ ಒಂದು ಕಥೆಗಾಗಿ ಮಗಳು ಹರಿದೆಸೆದ ಹಾಳೆಗಳಿಗೆ ಲೆಕ್ಕವಿರಲಿಲ್ಲ. ‘ಅಪ್ಪ ಬಂದರು’ ಎಂದು ಬರೆದಾಗಲೆಲ್ಲ ಪೆನ್ನು ಕೈಕಟ್ಟಿ ನಿಂತುಬಿಡುತ್ತಿತ್ತು. ‘ಬಂದ’ ಎಂದು ಬರೆದ ದಿನ ಕಥೆಗೆ ಜೀವ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೂ ಇದು ತನ್ನ ಮೊದಲ ಸುಳ್ಳಿಲ್ಲದ ಕಥೆ ಎಂದು ಅವಳಿಗೆ ಗೊತ್ತಿತ್ತು. ಅಮ್ಮ ಬೇಡವೆಂದರೆ ತೆಗೆದುಬಿಡುವುದಾಗಿ ಪ್ರೆಸ್ಸಿನವರಿಗೆ ಹೇಳಿಟ್ಟಿದ್ದಳು. ಹಾಗೆ ಹೇಳಿದ್ದಕ್ಕೆ ಈಗ ನಾಲಿಗೆ ಕಚ್ಚಿಕೊಂಡಳು.

“ಕಥೇಲಿ ಹಾಗೇ ಬರೆಯೋದಮ್ಮ.”

“ಕಥೆಯಂತೆ! ಗೋಡೆ ಗಡಿಯಾರ, ನನ್ನ ಮಿಷನ್ನು, ಎಲ್ಲಾ ನಮ್ಮನೇದೇ. ಅವರೊಬ್ರು ಮಾತ್ರ ಕಥೆಯೋರಾ? ಸತ್ತೋರಿಗೆ ಮರ್ಯಾದೆ ಬೇಡ್ವಾ?”

ಅಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ ತೆಗೆದುಕೊಂಡಳು. ‘ಅವನು’ ಹೊಡೆದುಹಾಕಿ ‘ಅವರು’ ಮಾಡಿದಳು. ‘ಬಂದ’ದ ಮುಂದೆ ಒಂದು ‘ರು’ ಬರೆದಳು. ‘ಕೂತ’, ‘ಉಂಡ’, ‘ನಕ್ಕ’, ಯಾವುದನ್ನೂ ಬಿಡಲಿಲ್ಲ. ಒಂದೊಂದು ‘ರು’ ಬಿದ್ದಾಗಲೂ ಮಗಳ ಬೆರಳಿಗೆ ಸೂಜಿ ಚುಚ್ಚಿದಂತಾಯಿತು. ಹಾಳೆ ಕಿತ್ತುಕೊಳ್ಳಬೇಕೆನಿಸಿತು. ಅಮ್ಮನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಪ್ರೆಸ್ಸಿನವರು. ಅವಳು ಎತ್ತಲಿಲ್ಲ.

ಕೊನೆಯ ಹಾಳೆ ಬಂತು. ಅದರಲ್ಲಿ ಯಂತ್ರದ ಮುಂದೆ ಕೂತ ಹೆಂಡತಿಯಿದ್ದಳು, ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತ ಪುಟ್ಟ ಹುಡುಗಿಯಿದ್ದಳು. ‘ಕತ್ತರಿಯ ಹಿಡಿಯಿಂದ ಹೊಡೆದ’ ಎಂದಿತ್ತು.

ಅಮ್ಮನ ಪೆನ್ಸಿಲ್ ಆ ಪದದ ಮುಂದೆ ನಿಂತಿತು. ತುಟಿ ಅಲುಗಿಸುತ್ತ ಆ ಸಾಲನ್ನು ಮತ್ತೊಮ್ಮೆ ಓದಿದಳು.

“ನೀನು ಮಲಗಿದ್ದೀಯ ಅಂದ್ಕೊಂಡಿದ್ದೆ,” ಎಂದಳು.

ಅಮ್ಮ ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಮಗಳ ಕೈಗಿಟ್ಟಳು.

“ತಗೋ, ಕಳ್ಸು. ಅಲ್ಲೊಂದು ಕಡೆ ನಾನು ಮರ್ತಿದ್ದಲ್ಲ ಅಂತ ಪ್ರೆಸ್ಸಿನೋರಿಗೆ ಹೇಳು. ಆಮೇಲೆ ಅವರೇ ಸೇರ್ಸಿಬಿಟ್ಟಾರು.”

ಯಂತ್ರ ಮತ್ತೆ ಓಡತೊಡಗಿತು. ಫೋನು ಇನ್ನೊಮ್ಮೆ ಗುಂಯ್‌ಗುಟ್ಟಿತು. ಮಗಳು ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದಳು. ‘ಹೊಡೆದ’ದ ಮುಂದೆ, ಪೆನ್ಸಿಲ್ ಊರಿದ್ದ ಜಾಗದಲ್ಲಿ, ಒಂದು ನೀಲಿ ಚುಕ್ಕೆಯಿತ್ತು, ಅಷ್ಟೇ.